ಜಾಹೀರಾತು ಕೊನೆಗೆ ಇಳಿಯುವ ಜಾಗ

(ಜಾಹೀರಾತು ನಿರ್ಮಾಣದ ಮೇಲ್ವಿಚಾರಣೆ ಕಲಿಯಲು ಬಂದಿದ್ದ ಹೊಸಬರ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಈ ಕೆಲಸಕ್ಕೆ ಬಂದ ಹೊಸತರಲ್ಲಿ ಒಂದು ಪತ್ರಿಕಾ ಜಾಹೀರಾತನ್ನು ನನ್ನ ಕೈಗೆ ಕೊಟ್ಟರು. "ಡಿಸೈನ್ ಆಗಿದೆ, ಗ್ರಾಹಕರೂ ಒಪ್ಪಿದ್ದಾರೆ. ನೀನು ಸುಮ್ನೆ ಒಂದ್ಸಲ ನೋಡ್ಕೊಂಡು ಕಳಿಸಿಬಿಡು" ಅಂದರು. ನೋಡಿದೆ. ಕಂಪ್ಯೂಟರ್ ಪರದೆಯ ಮೇಲೆ ತುಂಬಾ ಚೆನ್ನಾಗಿತ್ತು. ಕಡುಗಂದು ಬಣ್ಣದ ಹಿನ್ನೆಲೆ, ಅದರ ಮೇಲೆ ಬಿಳಿ ಅಕ್ಷರ. ಕೆಳಗಡೆ ವಿಳಾಸ, ಫೋನ್ ನಂಬರ್ ಎಲ್ಲ ಸಣ್ಣದಾಗಿ, ನೀಟಾಗಿ ಕೂತಿದ್ದವು. ಕಳಿಸಿದೆ.

ಮರುದಿನ ಬೆಳಿಗ್ಗೆ ಪತ್ರಿಕೆ ಬಿಡಿಸಿದರೆ ತಲೆಬರಹ ಇದೆ, ಚಿತ್ರ ಇದೆ, ಫೋನ್ ನಂಬರ್ ಇಲ್ಲ! ಅಂದರೆ ಅಚ್ಚಾಗಿದೆ, ಆದರೆ ಓದಲು ಬರುತ್ತಿಲ್ಲ. 3 ಯಾವುದು, 8 ಯಾವುದು ಗೊತ್ತಾಗುತ್ತಿಲ್ಲ. ಬಿಳಿ ಅಕ್ಷರಗಳ ಒಳಗೆಲ್ಲ ಕಂದು ಬಣ್ಣ ತುಂಬಿಕೊಂಡಿತ್ತು.

ತಪ್ಪು ಅಚ್ಚುಮನೆಯದ್ದು ಅಂದುಕೊಂಡೇ ಅಲ್ಲಿಗೆ ಹೋದೆ. ಮಷಿನ್ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ನನ್ನ ಮಾತು ಪೂರ್ತಿ ಕೇಳಿದರು. ಆಮೇಲೆ ಜೇಬಿನಿಂದ ಒಂದು ಪುಟ್ಟ ಭೂತಗನ್ನಡಿ ತೆಗೆದು, ಹಾಳೆಯ ಮೇಲೆ ಆ ಫೋನ್ ನಂಬರಿನ ಜಾಗದಲ್ಲೇ ಇಟ್ಟರು. "ಬಗ್ಗಿ ನೋಡಿ ಸಾರ್" ಅಂದರು. ಬಗ್ಗಿ ನೋಡಿದೆ. ಅಲ್ಲಿ ಕಂದು ಬಣ್ಣವೇ ಇರಲಿಲ್ಲ. ನೀಲಿ, ಗುಲಾಬಿ, ಹಳದಿ, ಕಪ್ಪು, ಹೀಗೆ ನಾಲ್ಕು ಬಣ್ಣದ ಚುಕ್ಕಿಗಳು ಒಂದರ ಪಕ್ಕ ಒಂದು, ಒಂದರ ಮೇಲೆ ಒಂದು. ಪ್ರತಿ ಚುಕ್ಕಿಯ ಅಂಚೂ ಕಾಗದದಲ್ಲಿ ಸ್ವಲ್ಪ ಹರಡಿತ್ತು.

"ಬಿಳಿ ಇಂಕು ನಮ್ಮ ಹತ್ರ ಇಲ್ಲ ಸಾರ್. ಬಿಳಿ ಅಂದ್ರೆ ನಾವು ಬಿಟ್ಟ ಜಾಗ. ಸುತ್ತ ಇರೋ ನಾಲ್ಕು ಬಣ್ಣಾನೂ ಚೂರು ಚೂರು ಒಳಗೆ ಬಂದ್ರೆ ಆ ಜಾಗ ಮುಚ್ಚಿಹೋಗತ್ತೆ" ಅಂದರು ಅವರು.

ಬಿಳಿ ಅಂದರೆ ಬಿಟ್ಟ ಜಾಗ. ನಾನು ಈ ಕೆಲಸದಲ್ಲಿ ಕಲಿತ ಮೊದಲ ಪಾಠ ಅದು. ಆಮೇಲೆ ಕಲಿತದ್ದೆಲ್ಲ ಅದರಿಂದಲೇ ಬೆಳೆದುಕೊಂಡು ಬಂತು. ನಾನು ಜಾಹೀರಾತನ್ನು ನೋಡಿದ್ದು ಪರದೆಯ ಮೇಲೆ. ಓದುಗರು ನೋಡಿದ್ದು ಕಾಗದದ ಮೇಲೆ. ನಾನು ತಪ್ಪು ಜಾಗದಲ್ಲಿ ನಿಂತು ನೋಡಿದ್ದೆ.

ಇವತ್ತು ನಿಮಗೆ ಹೇಳಬೇಕು ಅಂತ ಬಂದಿರುವುದು ಇದೊಂದೇ. ಜಾಹೀರಾತು ಕೊನೆಗೆ ಎಲ್ಲಿ ಇಳಿಯುತ್ತದೋ ಅಲ್ಲಿ ಮೊದಲು ಹೋಗಿ ನಿಲ್ಲಿ. ಅಲ್ಲಿಂದ ಹಿಂದಕ್ಕೆ ಕೆಲಸ ಹಂಚಿಕೊಂಡು ಬನ್ನಿ.

ಮೇಲ್ವಿಚಾರಣೆ ಅಂದರೆ ಏನು ಅಂತ ಬಹಳ ಜನ ಕೇಳುತ್ತಾರೆ. ಬರೆಯುವವರು ಬೇರೆ, ಚಿತ್ರ ಮಾಡುವವರು ಬೇರೆ, ಕ್ಯಾಮೆರಾ ಹಿಡಿಯುವವರು ಬೇರೆ. ಹಾಗಾದರೆ ನಮ್ಮ ಕೆಲಸ ಏನು? ಒಂದು ಯೋಚನೆ ಹತ್ತು ಜನರ ಕೈ ದಾಟಿ ಹೋಗುವಾಗ ಪ್ರತಿ ಕೈ ಬದಲಾವಣೆಯಲ್ಲೂ ಒಂಚೂರು ಸೋರುತ್ತದೆ. ಆ ಸೋರಿಕೆ ತಡೆಯುವುದು ನಮ್ಮ ಕೆಲಸ. ಸಮಯ, ಹಣ, ಅನುಮತಿ ಎಲ್ಲ ನೋಡಿಕೊಳ್ಳುವುದು ಕೂಡ ಅದಕ್ಕಾಗಿಯೇ.

ಪ್ರತಿ ಮಾಧ್ಯಮವೂ ಹೊಸದಾಗಿ ಬಂದಾಗ ಜನ ಅದನ್ನು ಹಳೆಯ ಮಾಧ್ಯಮದ ಅಭ್ಯಾಸದಲ್ಲೇ ಬಳಸಿದ್ದಾರೆ. 1922ರ ಆಗಸ್ಟ್ 28ರಂದು ನ್ಯೂಯಾರ್ಕಿನ ಡಬ್ಲ್ಯೂಇಎಎಫ್ ಎಂಬ ರೇಡಿಯೋ ಕೇಂದ್ರದಲ್ಲಿ ಹಣ ಕೊಟ್ಟು ಹಾಕಿಸಿದ ಒಂದು ಜಾಹೀರಾತು ಬಂತು. ಮನೆಗಳ ಮಾರಾಟದ್ದು. ಒಬ್ಬರು ಕೂತು ಹಲವು ನಿಮಿಷ ಮಾತಾಡಿದರು, ಅಷ್ಟೇ. ಭಾಷಣವನ್ನೇ ರೇಡಿಯೋಗೆ ತಂದಿದ್ದರು. 1941ರ ಜುಲೈ 1ರಂದು ಅದೇ ಊರಿನ ಟಿವಿಯಲ್ಲಿ ಬುಲೋವಾ ಕೈಗಡಿಯಾರದ ಜಾಹೀರಾತು ಬಂತು. ಅಮೆರಿಕದ ನಕ್ಷೆ, ಮೇಲೊಂದು ಗಡಿಯಾರ, ಹಿಂದೆ ಒಂದು ದನಿ. ಪೋಸ್ಟರಿಗೆ ರೇಡಿಯೋ ಸೇರಿಸಿದ ಹಾಗೆ. 1994ರ ಅಕ್ಟೋಬರಿನಲ್ಲಿ ಹಾಟ್‌ವೈರ್ಡ್ ತಾಣದಲ್ಲಿ ಎಟಿ ಆಂಡ್ ಟಿ ಕಂಪನಿಯ ಬ್ಯಾನರ್ ಬಂದಾಗ ಅದೂ ಅಡ್ಡಕ್ಕೆ ಉದ್ದವಾದ ಒಂದು ಪಟ್ಟಿ, ಪತ್ರಿಕೆಯ ಪಟ್ಟಿ ಜಾಹೀರಾತಿನ ತಮ್ಮನ ಹಾಗೆ.

ಅವರನ್ನು ತಪ್ಪು ಅನ್ನಲು ಇದನ್ನು ಹೇಳಲಿಲ್ಲ. ಅವರ ಮುಂದೆ ದಾರಿಯೇ ಇರಲಿಲ್ಲ. ನಮ್ಮ ಮುಂದೆ ಇದೆ. ಆದರೂ ಇವತ್ತಿಗೂ ಟಿವಿಗೆ ಮಾಡಿದ್ದನ್ನೇ ಕತ್ತರಿಸಿ ಫೋನಿಗೆ ಹಾಕುತ್ತೇವೆ, ಪತ್ರಿಕೆಯ ಡಿಸೈನನ್ನೇ ಎಳೆದು ಹೋರ್ಡಿಂಗ್ ಮಾಡುತ್ತೇವೆ. ಅದಕ್ಕೇ ಒಂದೊಂದು ಮಾಧ್ಯಮವನ್ನೂ ಅದರ ಜಾಗದಲ್ಲೇ ನೋಡೋಣ.

ಅಚ್ಚಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ನಾನು ಪೆಟ್ಟು ತಿಂದದ್ದು ಅಲ್ಲಿ.

ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ. ಕೆಂಪು, ಹಸಿರು, ನೀಲಿ ಬೆಳಕು ಸೇರಿದಷ್ಟೂ ಬೆಳ್ಳಗಾಗುತ್ತದೆ. ಕಾಗದದ ಮೇಲೆ ಇಂಕು ಸೇರಿದಷ್ಟೂ ಕಪ್ಪಾಗುತ್ತದೆ. ಎರಡೂ ತದ್ವಿರುದ್ಧ. ಪರದೆಯ ಮೇಲೆ ಹೊಳೆಯುವ ಕೆಲವು ಹಸಿರು, ಕಿತ್ತಳೆ, ನೀಲಿ ಬಣ್ಣಗಳನ್ನು ನಾಲ್ಕು ಇಂಕಿನಲ್ಲಿ ತರಲು ಆಗುವುದೇ ಇಲ್ಲ. ಇದನ್ನು ಗ್ರಾಹಕರಿಗೆ ಅಚ್ಚಾದ ಮೇಲೆ ಹೇಳಿದರೆ ನೆಪ ಅನ್ನಿಸುತ್ತದೆ. ಡಿಸೈನ್ ತೋರಿಸುವ ದಿನವೇ ಹೇಳಿದರೆ ಮಾಹಿತಿ ಅನ್ನಿಸುತ್ತದೆ. ಹೇಳುವ ಮಾತು ಒಂದೇ, ಹೇಳುವ ದಿನ ಬೇರೆ.

ಇಂಕಿನ ಪ್ರಮಾಣಕ್ಕೂ ಒಂದು ಲೆಕ್ಕವಿದೆ. ಒಂದೊಂದಕ್ಕೆ ಶೇ 100ರಂತೆ ನಾಲ್ಕೂ ಬಣ್ಣ ಪೂರ್ತಿ ಹಾಕಿದರೆ ಶೇ 400 ಆಗುತ್ತದೆ. ನಯವಾದ ಮ್ಯಾಗಜಿನ್ ಕಾಗದ ಸುಮಾರು ಶೇ 300ರವರೆಗೆ ತಡೆದುಕೊಳ್ಳುತ್ತದೆ. ಪತ್ರಿಕೆಯ ಕಾಗದ ಇಂಕು ಕುಡಿಯುವ ಕಾಗದ, ಅದಕ್ಕೆ ಸಾಮಾನ್ಯವಾಗಿ ಶೇ 240ರ ಒಳಗೇ ಇಡುತ್ತಾರೆ. ನನ್ನ ಕಡುಗಂದು ಹಿನ್ನೆಲೆ ಈ ಗಡಿಯನ್ನು ದಾಟಿತ್ತು. ಮ್ಯಾಗಜಿನ್ನಿಗೆ ಮಾಡಿದ ಫೈಲನ್ನೇ ಪತ್ರಿಕೆಗೂ ಕಳಿಸಿದ್ದೆವು. ಆವತ್ತು ನಾನು ಕೇಳಬೇಕಾಗಿದ್ದ ಪ್ರಶ್ನೆ ಒಂದೇ: "ಇದು ಯಾವ ಕಾಗದದ ಮೇಲೆ ಬರುತ್ತೆ?"

ಸಣ್ಣ ಅಕ್ಷರಕ್ಕೆ ಆದಷ್ಟೂ ಕಪ್ಪು ಒಂದೇ ಇಂಕು ಬಳಸಿ. ನಾಲ್ಕು ಬಣ್ಣಕ್ಕೆ ನಾಲ್ಕು ಪ್ಲೇಟು, ಅಂದರೆ ಅಚ್ಚೊತ್ತುವ ತಗಡು. ಕಾಗದ ಜೋರಾಗಿ ಓಡುತ್ತಿರುತ್ತದೆ. ಒಂದು ಪ್ಲೇಟು ಕೂದಲೆಳೆಯಷ್ಟು ಸರಿದರೂ ಸಣ್ಣ ಅಕ್ಷರಕ್ಕೆ ಬಣ್ಣದ ನೆರಳು ಬರುತ್ತದೆ. ಒಂದೇ ಇಂಕಾದರೆ ಸರಿಯುವ ಮಾತೇ ಇಲ್ಲ. ಬಿಳಿ ಅಕ್ಷರ ಬೇಕೇ ಬೇಕು ಅಂದರೆ ದಪ್ಪ ಮಾಡಿ, ದೊಡ್ಡದು ಮಾಡಿ.

ಚಿತ್ರಗಳಿಗೆ ಅಚ್ಚಾಗುವ ಅಳತೆಯಲ್ಲಿ ಇಂಚಿಗೆ 300 ಚುಕ್ಕಿ ಇರಬೇಕು ಅಂತ ಎಲ್ಲರೂ ಹೇಳುತ್ತಾರೆ. ಸರಿ. ಆದರೆ ಮುಖ್ಯವಾದ ಮಾತು "ಅಚ್ಚಾಗುವ ಅಳತೆಯಲ್ಲಿ" ಅನ್ನುವುದು. ಅಂಚೆಚೀಟಿಯಷ್ಟು ಚಿತ್ರವನ್ನು 300 ಅಂತ ಬರೆದು ಪುಟದಗಲ ಎಳೆದರೆ ಏನು ಬಂತು? ಹಾಗೆಯೇ ಅಂಚಿನವರೆಗೆ ಬಣ್ಣ ಬರುವ ಪುಟವಾದರೆ ಸುತ್ತ 3 ಮಿ.ಮೀ. ಹೆಚ್ಚು ಬಿಡಬೇಕು. ಅದನ್ನು ಬ್ಲೀಡ್ ಅನ್ನುತ್ತಾರೆ. ಕತ್ತರಿಸುವ ಬ್ಲೇಡು ಸ್ವಲ್ಪ ಆಚೀಚೆ ಆದರೂ ಬಿಳಿ ಗೆರೆ ಕಾಣಬಾರದು ಅಂತ. ಒಳಗಡೆಯೂ ಅಕ್ಷರಗಳನ್ನು ಅಂಚಿನಿಂದ ದೂರ ಇಡಿ.

ಕನ್ನಡ ಅಕ್ಷರದ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷ್ ಅಕ್ಷರಕ್ಕೆ ಲೆಕ್ಕ ಹಾಕಿದ ಸಾಲಿನ ಅಂತರವನ್ನೇ ಕನ್ನಡಕ್ಕೂ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ಬಟನ್ ಅಥವಾ ಪಟ್ಟಿಯೊಳಗೆ ಕೂರಿಸಿದರೆ ಒತ್ತಿನ ಅರ್ಧ ಕತ್ತರಿಸಿ ಹೋಗುತ್ತದೆ. ಇನ್ನೊಂದು, ಯುನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಬೇರೆ ಕಡೆ ಅಂಟಿಸಿದರೆ ಅಕ್ಷರ ಬದಲು ಏನೇನೋ ಚಿಹ್ನೆ ಬರುತ್ತವೆ. ಕೊನೆಯ ಫೈಲಿನಲ್ಲಿ ಅಕ್ಷರಗಳನ್ನು ಗೆರೆಗಳನ್ನಾಗಿ, ಅಂದರೆ ಫಾಂಟ್ ಬೇಡದ ಚಿತ್ರದ ಹಾಗೆ, ಬದಲಿಸಿ ಕಳಿಸುವುದು, ಅಥವಾ ಫಾಂಟನ್ನು ಪಿಡಿಎಫ್ ಒಳಗೇ ಸೇರಿಸುವುದು ಇದಕ್ಕೇ. ಬದಲಿಸಿದ ಮೇಲೆ ಮತ್ತೊಮ್ಮೆ ಓದಿ. ಡಿಸೈನರ್ ಕನ್ನಡ ಓದದವರಾದರೆ ಎರಡು ಸಲ ಓದಿ. ಯಾಕೆಂದರೆ ಅವರ ಕಣ್ಣಿಗೆ ಒತ್ತು ಬಿಟ್ಟುಹೋದದ್ದು ಕಾಣುವುದಿಲ್ಲ. ಅದು ಅವರ ತಪ್ಪಲ್ಲ.

ಪ್ರೂಫ್, ಅಂದರೆ ಅಚ್ಚಿಗೆ ಮುಂಚಿನ ಕರಡು, ಓದುವಾಗ ನಾನು ಮಾಡುವ ಕೆಲಸ ಹೇಳುತ್ತೇನೆ. ಪೂರ್ತಿ ಅಳತೆಯಲ್ಲಿ ಪ್ರಿಂಟ್ ತೆಗೆಯುತ್ತೇನೆ. ಅದರಲ್ಲಿ ಇರುವ ಫೋನ್ ನಂಬರನ್ನು ಪ್ರಿಂಟ್ ನೋಡಿಕೊಂಡೇ ಒತ್ತಿ ಕರೆ ಮಾಡುತ್ತೇನೆ, ನೆನಪಿನಿಂದ ಅಲ್ಲ. ಆ ಕಡೆ ಯಾರು ಎತ್ತುತ್ತಾರೆ ಅಂತ ಕೇಳುತ್ತೇನೆ. ಕ್ಯೂಆರ್ ಕೋಡ್ ಇದ್ದರೆ ಅದೇ ಕಾಗದದಿಂದ ಸ್ಕ್ಯಾನ್ ಮಾಡುತ್ತೇನೆ. ದಿನಾಂಕ ಇದ್ದರೆ ಕ್ಯಾಲೆಂಡರ್ ತೆಗೆದು ಆ ದಿನ ಆ ವಾರವೇ ಬರುತ್ತದೆಯೇ ನೋಡುತ್ತೇನೆ. ಮೂರೂ ಸೇರಿ ಐದು ನಿಮಿಷದ ಕೆಲಸ. ಇದನ್ನು ಬೇರೆಯವರಿಗೆ ಬಿಡಬೇಡಿ. ದೊಡ್ಡ ಅಕ್ಷರದ ತಲೆಬರಹವನ್ನು ಮಾತ್ರ ಬೇರೆಯವರಿಗೆ ಕೊಟ್ಟು ಓದಿಸಿ. ನಾವು ಅದನ್ನು ಎಷ್ಟು ಸಲ ನೋಡಿರುತ್ತೇವೆ ಅಂದರೆ, ಅದರಲ್ಲಿ ತಪ್ಪಿದ್ದರೂ ನಮ್ಮ ಕಣ್ಣು ಸರಿ ಮಾಡಿಕೊಂಡೇ ಓದಿಬಿಡುತ್ತದೆ.

ಹೋರ್ಡಿಂಗ್ ವಿಷಯ ಚಿಕ್ಕದು. ಅದಕ್ಕೆ ಫೈಲನ್ನು ಸಾಮಾನ್ಯವಾಗಿ ಹತ್ತನೇ ಒಂದರಷ್ಟು ಅಳತೆಯಲ್ಲಿ ಮಾಡುತ್ತಾರೆ. ಅಲ್ಲಿ ಇಂಚಿಗೆ 300 ಚುಕ್ಕಿ ಇದ್ದರೆ ಪೂರ್ತಿ ಅಳತೆಯಲ್ಲಿ 30 ಆಗುತ್ತದೆ, ದೂರದಿಂದ ನೋಡುವುದಕ್ಕೆ ಅಷ್ಟು ಸಾಕು. ಅಸಲಿ ಸಮಸ್ಯೆ ಅಕ್ಷರದ್ದು. 3 ಮೀಟರ್ ಎತ್ತರದ ಹೋರ್ಡಿಂಗನ್ನು 60 ಮೀಟರ್ ದೂರದಿಂದ ನೋಡುವುದೂ ಒಂದೇ, 5 ಸೆಂ.ಮೀ. ಎತ್ತರದ ಕಾಗದವನ್ನು ಒಂದು ಮೀಟರ್ ದೂರದಿಂದ ನೋಡುವುದೂ ಒಂದೇ. ಹಾಗಾಗಿ 5 ಸೆಂ.ಮೀ. ಎತ್ತರಕ್ಕೆ ಪ್ರಿಂಟ್ ತೆಗೆಯಿರಿ, ಗೋಡೆಗೆ ಅಂಟಿಸಿ, ಒಂದು ಮೀಟರ್ ಹಿಂದೆ ನಿಂತು ಮೂರು ಸೆಕೆಂಡ್ ನೋಡಿ ಮುಖ ತಿರುಗಿಸಿ. ಏನು ನೆನಪಿದೆಯೋ ಅದು ಮಾತ್ರ ಹೋರ್ಡಿಂಗ್. ಗ್ರಾಹಕರನ್ನೂ ಅಲ್ಲೇ ನಿಲ್ಲಿಸಿ. "ಇನ್ನೂ ನಾಲ್ಕು ಸಾಲು ಸೇರಿಸಿ" ಅನ್ನುವ ಮಾತು ಅಲ್ಲಿ ತಾನಾಗಿಯೇ ನಿಲ್ಲುತ್ತದೆ.

ಇನ್ನು ರೇಡಿಯೋ. ನನಗೆ ತುಂಬಾ ಇಷ್ಟವಾದ ಮಾಧ್ಯಮ ಇದು.

ರೇಡಿಯೋದಲ್ಲಿ ಕೇಳುಗರು ಹಿಂದಕ್ಕೆ ಹೋಗಿ ಓದಲು ಆಗುವುದಿಲ್ಲ. ದನಿ ಹೋಯಿತು ಅಂದರೆ ಹೋಯಿತು. ಆದರೂ ಸ್ಕ್ರಿಪ್ಟುಗಳು ಕಾಗದದ ಮೇಲೆ ಬರುತ್ತವೆ, ಮೀಟಿಂಗಿನಲ್ಲಿ ಎಲ್ಲರೂ ಕಣ್ಣಿನಿಂದ ಓದಿ ಒಪ್ಪಿಬಿಡುತ್ತಾರೆ. ಹಾಗೆ ಮಾಡಬೇಡಿ. ಸ್ಕ್ರಿಪ್ಟನ್ನು ಜೋರಾಗಿ ಓದಿ ಕೇಳಿಸಿ, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು. 30 ಸೆಕೆಂಡಿಗೆ ಇಷ್ಟು ಪದ ಅಂತ ಇಂಗ್ಲಿಷಿನ ಲೆಕ್ಕ ಹೇಳುವವರು ಸಿಗುತ್ತಾರೆ. ಕನ್ನಡಕ್ಕೆ ಅದು ಹೊಂದುವುದಿಲ್ಲ. "ಬರಬೇಕಾಗಿರುವುದರಿಂದ" ಅನ್ನುವುದು ನಮಗೆ ಒಂದೇ ಪದ, ಆದರೆ ಬಾಯಿಗೆ ಹಿಡಿಯುವ ಹೊತ್ತು ನಾಲ್ಕು ಪದದ್ದು. ಗಡಿಯಾರ ನೋಡಿ, ಪದ ಎಣಿಸಬೇಡಿ. ಓದಿದಾಗ 30 ಸೆಕೆಂಡ್ ಪೂರ್ತಿ ತುಂಬಿದರೆ ಅದು ಜಾಸ್ತಿ ಆಯಿತು ಅಂತಲೇ ಅರ್ಥ, ಯಾಕೆಂದರೆ ಉಸಿರಿಗೂ ಸಂಗೀತಕ್ಕೂ ಜಾಗ ಬೇಕು.

ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಒಂದು ನಿಯಮವನ್ನು ಗಟ್ಟಿಯಾಗಿ ಹಿಡಿಯಿರಿ. ದನಿ ಕೊಡುವ ಕಲಾವಿದರ ಜೊತೆ ಒಬ್ಬರು ಮಾತ್ರ ಮಾತಾಡಬೇಕು. ಗಾಜಿನ ಈ ಕಡೆ ನಾಲ್ಕು ಜನ ಕೂತಿರುತ್ತೀರಿ. ಒಬ್ಬರು "ಇನ್ನೂ ಖುಷಿಯಾಗಿ" ಅನ್ನುತ್ತಾರೆ, ಇನ್ನೊಬ್ಬರು "ಸ್ವಲ್ಪ ಗಂಭೀರವಾಗಿ" ಅನ್ನುತ್ತಾರೆ. ಆ ಕಡೆ ಇರುವ ಮನುಷ್ಯ ಏನು ಮಾಡಬೇಕು? ನೀವು ನಾಲ್ಕು ಜನ ಈ ಕಡೆಯೇ ಮಾತಾಡಿ ಮುಗಿಸಿ, ನಿರ್ದೇಶಕರ ಬಾಯಿಂದ ಒಂದೇ ಮಾತು ಆ ಕಡೆ ಹೋಗಲಿ. ಹೆಸರುಗಳ ಉಚ್ಚಾರಣೆಯನ್ನು ಮೊದಲೇ ಗ್ರಾಹಕರಿಂದ ಕೇಳಿ ಬರೆದುಕೊಳ್ಳಿ. ಕೊನೆಯ ಸಾಲನ್ನು ಎರಡು ಮೂರು ರೀತಿ ಹೇಳಿಸಿ ಇಟ್ಟುಕೊಳ್ಳಿ. ಕಲಾವಿದರು ಎದ್ದು ಹೋದಮೇಲೆ ಅದೊಂದು ಸಾಲಿಗಾಗಿ ಮತ್ತೆ ಕರೆಸುವುದು ಎಲ್ಲರಿಗೂ ಕಷ್ಟ.

ಮಿಕ್ಸಿಂಗ್, ಅಂದರೆ ಮಾತು, ಸಂಗೀತ ಎಲ್ಲ ಸೇರಿಸುವ ಕೆಲಸ, ಆದಮೇಲೆ ಸ್ಟುಡಿಯೋದ ದೊಡ್ಡ ಸ್ಪೀಕರಿನಲ್ಲಿ ಕೇಳಿ ಒಪ್ಪಬೇಡಿ. ಅಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳಿಸುತ್ತದೆ. ಫೋನಿನ ಸ್ಪೀಕರಿನಲ್ಲಿ ಕೇಳಿ, ಓಡುತ್ತಿರುವ ಕಾರಿನಲ್ಲಿ ಕೇಳಿ. ಹಿನ್ನೆಲೆ ಸಂಗೀತ ಮಾತನ್ನು ನುಂಗುತ್ತಿದೆಯೋ ಇಲ್ಲವೋ ಅಲ್ಲಿ ಗೊತ್ತಾಗುತ್ತದೆ. ದನಿಯ ಮಟ್ಟಕ್ಕೂ ಅಳತೆಗೋಲು ಇದೆ. ಯುರೋಪಿನ ಪ್ರಸಾರ ಒಕ್ಕೂಟ 2010ರಲ್ಲಿ ಆರ್128 ಅನ್ನುವ ಶಿಫಾರಸು ತಂದು ಮೈನಸ್ 23 ಎಲ್‌ಯುಎಫ್‌ಎಸ್ ಅಂತ ಗೊತ್ತು ಮಾಡಿತು (ದನಿ ಕಿವಿಗೆ ಎಷ್ಟು ಜೋರಾಗಿ ಕೇಳಿಸುತ್ತದೆ ಅನ್ನುವುದರ ಅಳತೆ ಅದು). ಅಮೆರಿಕದಲ್ಲಿ ಟಿವಿ ಜಾಹೀರಾತಿನ ಅಬ್ಬರ ತಡೆಯಲು ಅದೇ ವರ್ಷ ಕಾನೂನೇ ಆಯಿತು. ಕಾರ್ಯಕ್ರಮಕ್ಕಿಂತ ಜಾಹೀರಾತು ಜೋರಾಗಿ ಅರಚುತ್ತದೆ ಅನ್ನುವ ಜನರ ದೂರು ಅದಕ್ಕೆ ಕಾರಣ. ನೀವು ಕಳಿಸುವ ಕೇಂದ್ರ ಯಾವ ಮಟ್ಟ ಕೇಳುತ್ತದೆ ಅನ್ನುವುದನ್ನು ಮಿಕ್ಸಿಂಗಿಗೆ ಮುಂಚೆ ತಿಳಿದುಕೊಳ್ಳಿ.

ಚಿತ್ರೀಕರಣಕ್ಕೆ ಬರೋಣ. ಜಾಸ್ತಿ ಹಣ, ಜಾಸ್ತಿ ಜನ, ಜಾಸ್ತಿ ಭಯ ಇರುವುದು ಇಲ್ಲೇ.

ಚಿತ್ರೀಕರಣದ ಭವಿಷ್ಯ ತೀರ್ಮಾನ ಆಗುವುದು ಚಿತ್ರೀಕರಣದ ದಿನ ಅಲ್ಲ, ಅದಕ್ಕೆ ಮುಂಚಿನ ವಾರಗಳಲ್ಲಿ. ಸ್ಕ್ರಿಪ್ಟ್ ಒಪ್ಪಿಗೆ ಆದಮೇಲೆ ಸ್ಟೋರಿಬೋರ್ಡ್, ಅಂದರೆ ಒಂದೊಂದು ಶಾಟನ್ನೂ ಬಿಡಿಸಿದ ಚಿತ್ರಗಳ ಸಾಲು, ಬರುತ್ತದೆ. ಸಾಧ್ಯವಾದರೆ ಆ ಚಿತ್ರಗಳನ್ನೇ ದನಿಯ ಜೊತೆ ಜೋಡಿಸಿ ಒಂದು ಕಚ್ಚಾ ವಿಡಿಯೋ ಮಾಡಿಸಿ. 30 ಸೆಕೆಂಡಿನಲ್ಲಿ ಕಥೆ ಕೂರುತ್ತದೋ ಇಲ್ಲವೋ ಅಲ್ಲಿಯೇ ತಿಳಿಯುತ್ತದೆ. ಆಮೇಲೆ ನಿರ್ಮಾಣ ಸಂಸ್ಥೆಗಳಿಂದ ದರಪಟ್ಟಿ ಕೇಳುವಾಗ, ಎಲ್ಲರಿಗೂ ಒಂದೇ ವಿವರ ಕೊಡಿ: ಎಷ್ಟು ದಿನ, ಎಷ್ಟು ಜಾಗ, ಎಷ್ಟು ಕಲಾವಿದರು, ಕೊನೆಗೆ ಯಾವ ಯಾವ ಅಳತೆಯ ಎಷ್ಟು ವಿಡಿಯೋ ಬೇಕು. ಒಬ್ಬರಿಗೆ ಒಂದು ದಿನ ಅಂತ, ಇನ್ನೊಬ್ಬರಿಗೆ ಎರಡು ದಿನ ಅಂತ ಹೇಳಿ ಬಂದ ದರಪಟ್ಟಿಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದರೆ ಪ್ರಯೋಜನ ಇಲ್ಲ. ಕಡಿಮೆ ಹೇಳಿದವರನ್ನು ಕಣ್ಣು ಮುಚ್ಚಿ ಒಪ್ಪಿಕೊಳ್ಳಬೇಡಿ. ಯಾವುದನ್ನು ಬಿಟ್ಟು ಕಡಿಮೆ ಮಾಡಿದ್ದಾರೆ ಅಂತ ಸಾಲು ಸಾಲಾಗಿ ಕೇಳಿ. ಅನಿರೀಕ್ಷಿತ ಖರ್ಚಿಗೆ ಅಂತ ಶೇ 10ರಷ್ಟು ತೆಗೆದಿಡುವುದು ರೂಢಿ. ಅದು ಉಳಿದರೆ ಸಂತೋಷ. ಅದನ್ನು ಇಡದೆ ಮಳೆ ಬಂದರೆ ತೊಂದರೆ.

ಚಿತ್ರೀಕರಣಕ್ಕೆ ಮುಂಚಿನ ಕೊನೆಯ ಸಭೆ ಇದೆಯಲ್ಲ, ಅದನ್ನು ದಯವಿಟ್ಟು ಅವಸರದಲ್ಲಿ ಮುಗಿಸಬೇಡಿ. ಬಟ್ಟೆ, ಜಾಗ, ಮುಖ, ವಸ್ತು ಎಲ್ಲವನ್ನೂ ಅಲ್ಲಿ ಗ್ರಾಹಕರ ಎದುರು ಒಂದೊಂದಾಗಿ ತೋರಿಸಿ ಒಪ್ಪಿಗೆ ಪಡೆಯಬೇಕು.

ಒಮ್ಮೆ ನಾವು ಇದರಲ್ಲಿ ಎಡವಿದೆವು. ಒಂದು ಜಾಹೀರಾತಿನಲ್ಲಿ ಮೇಜಿನ ಮೇಲೆ ಪೊಟ್ಟಣ ಇಟ್ಟು ಕ್ಯಾಮೆರಾ ನಿಧಾನಕ್ಕೆ ಹತ್ತಿರ ಹೋಗುವ ಶಾಟ್. ಬೆಳಕು ಸುಂದರವಾಗಿತ್ತು, ಎಲ್ಲರೂ ಖುಷಿಪಟ್ಟರು. ಎಡಿಟಿಂಗ್ ಮೇಜಿನ ಮೇಲೆ ನೋಡಿದಾಗ ಗೊತ್ತಾಯಿತು, ಪೊಟ್ಟಣದ ಮೇಲಿನ ಲೇಬಲ್ ಹಳೆಯದು. ಹೊಸ ಲೇಬಲಿನ ಪೊಟ್ಟಣಗಳ ಪೆಟ್ಟಿಗೆ ಸೆಟ್ಟಿಗೆ ಬಂದಿತ್ತು, ಆದರೆ ಯಾರೋ ಹಳೆಯ ಪೆಟ್ಟಿಗೆ ತೆರೆದಿದ್ದರು. ನಾನೂ ಮಾನಿಟರ್ ಮುಂದೆ ಇದ್ದೆ, ನಾನೂ ಬೆಳಕನ್ನೇ ನೋಡುತ್ತಿದ್ದೆ. ಶಾಟ್ ಇದ್ದದ್ದು ನಾಲ್ಕು ಸೆಕೆಂಡ್. ಸೆಕೆಂಡಿಗೆ 25 ಫ್ರೇಮ್ ಅಂದರೆ ನೂರು ಚಿತ್ರ. ಕ್ಯಾಮೆರಾ ಚಲಿಸುತ್ತಿದ್ದ ಕಾರಣ ನೂರರಲ್ಲೂ ಲೇಬಲ್ಲಿನ ಅಳತೆ ಬೇರೆ, ಕೋನ ಬೇರೆ. ಒಬ್ಬ ಹುಡುಗ ಎರಡು ರಾತ್ರಿ ಕೂತು ಅದನ್ನು ಸರಿ ಮಾಡಿದ. ನಾನೂ ಪಕ್ಕದಲ್ಲಿ ಕೂತಿದ್ದೆ, ಅದಕ್ಕಿಂತ ಜಾಸ್ತಿ ನನ್ನಿಂದ ಏನೂ ಮಾಡಲು ಆಗುತ್ತಿರಲಿಲ್ಲ.

ಆವತ್ತಿನಿಂದ ಎರಡು ಅಭ್ಯಾಸ ಮಾಡಿಕೊಂಡೆ. ವಸ್ತುವಿನ ಮುಖ್ಯ ಶಾಟನ್ನು ದಿನದ ಕೊನೆಗೆ ಇಡುವುದಿಲ್ಲ. ಕೊನೆಯಲ್ಲಿ ಎಲ್ಲರಿಗೂ ದಣಿವು, ಬೆಳಕೂ ಹೋಗಿರುತ್ತದೆ, ಹೊತ್ತು ಮೀರಿದ ಖರ್ಚಿನ ಚಿಂತೆ ಬೇರೆ. ಎರಡನೆಯದು, ಆ ಶಾಟಿಗೆ ಮುಂಚೆ ನಾನೇ ಎದ್ದು ಹೋಗಿ ಪೊಟ್ಟಣವನ್ನು ಕೈಯಲ್ಲಿ ಹಿಡಿದು ಲೇಬಲ್ ಪೂರ್ತಿ ಓದುತ್ತೇನೆ. ಉಳಿದ ಎಲ್ಲ ಹೊತ್ತೂ ನಾನು ಸೆಟ್ಟಿನಲ್ಲಿ ಬಾಯಿ ಹಾಕುವುದು ಕಡಿಮೆ. ನಿರ್ದೇಶಕರ ಕೆಲಸ ನಿರ್ದೇಶಕರು ಮಾಡಲಿ. ಗ್ರಾಹಕರ ಮಾತು ನನ್ನ ಮೂಲಕ ಅವರಿಗೆ ಹೋಗಲಿ, ನೇರವಾಗಿ ಕಲಾವಿದರಿಗೆ ಬೇಡ.

ಇವತ್ತು ಒಂದೇ ಚಿತ್ರೀಕರಣದಿಂದ ಟಿವಿಗೆ ಅಡ್ಡ ಚೌಕಟ್ಟು, ಫೋನಿಗೆ ಉದ್ದ ಚೌಕಟ್ಟು ಎರಡೂ ಬೇಕು. 16:9ರಲ್ಲಿ ಇಬ್ಬರು ಎರಡು ತುದಿಯಲ್ಲಿ ನಿಂತು ಮಾತಾಡುವ ದೃಶ್ಯ 9:16ಕ್ಕೆ ಬಂದಾಗ ಮಧ್ಯದ ಖಾಲಿ ಗೋಡೆ ಮಾತ್ರ ಉಳಿಯುತ್ತದೆ. ಇದನ್ನು ಎಡಿಟಿಂಗಿನಲ್ಲಿ ಸರಿ ಮಾಡಲು ಆಗುವುದಿಲ್ಲ. ಮಾನಿಟರಿನ ಮೇಲೆ ಎರಡೂ ಚೌಕಟ್ಟಿನ ಗೆರೆ ಹಾಕಿಸಿ. ಹೊಂದದ ಶಾಟನ್ನು ಫೋನಿಗಾಗಿಯೇ ಬೇರೆ ತೆಗೆಸಿ. ಅದಕ್ಕೆ ಬೇಕಾದ ಹೊತ್ತನ್ನು ವೇಳಾಪಟ್ಟಿಯಲ್ಲೇ ಇಟ್ಟಿರಬೇಕು.

ಡಿಜಿಟಲ್ ಮಾಧ್ಯಮದಲ್ಲಿ ಕಷ್ಟ ಬೇರೆ ತರದ್ದು. ಒಂದೊಂದು ಫೈಲೂ ಚಿಕ್ಕದು, ಸುಲಭ. ಆದರೆ ಎಷ್ಟು ಫೈಲು? ಮೂರು ಭಾಷೆ, ನಾಲ್ಕು ಆಕಾರ, ಮೂರು ಅವಧಿ ಅಂದರೆ 36 ಆಯಿತು. ಅದರ ಜೊತೆ 300×250, 728×90, 320×50 ಪಿಕ್ಸೆಲ್ ಅಂತ ಬ್ಯಾನರುಗಳು. ಗ್ರಾಹಕರು "ಒಂದೇ ಒಂದು ಪದ ಬದಲಿಸಿ" ಅಂದರೆ ಅದು ಒಂದು ಬದಲಾವಣೆ ಅಲ್ಲ, ಹತ್ತಾರು ಬದಲಾವಣೆ. ಅದಕ್ಕೇ ಮೊದಲ ದಿನವೇ ಒಂದು ದೊಡ್ಡ ಕೋಷ್ಟಕ ಮಾಡಿ, ಪ್ರತಿ ಫೈಲಿಗೂ ಒಂದು ಸಾಲು. ಅಳತೆ, ತೂಕ, ಭಾಷೆ, ಯಾರು ನೋಡಿದರು, ಯಾವತ್ತು ಹೋಯಿತು. ಎಲ್ಲ ಬರೆಯಿರಿ. ಮೊದಲು ಒಂದು ಭಾಷೆಯ ಒಂದು ಆಕಾರಕ್ಕೆ ಪೂರ್ತಿ ಒಪ್ಪಿಗೆ ತೆಗೆದುಕೊಳ್ಳಿ, ಆಮೇಲೆ ಉಳಿದದ್ದನ್ನು ಮಾಡಿಸಿ.

ಫೈಲಿನ ತೂಕ ನೋಡಲೇಬೇಕು. ಗೂಗಲ್ ಜಾಹೀರಾತಿಗೆ ಏರಿಸುವ ಬ್ಯಾನರ್ ಚಿತ್ರ 150 ಕೆಬಿ ಒಳಗಿರಬೇಕು. ಫೋನಿನಲ್ಲಿ ತುಂಬಾ ಜನ ದನಿ ಇಲ್ಲದೆ ವಿಡಿಯೋ ನೋಡುತ್ತಾರೆ, ಹಾಗಾಗಿ ದನಿ ತೆಗೆದು ಒಮ್ಮೆ ನೋಡಿ, ಕಥೆ ಅರ್ಥವಾಗುತ್ತದೆಯೇ? ಇನ್ನೊಂದು ವಿಷಯ ತಿಳಿದಿರಲಿ. ಬ್ಯಾನರಿನ ಅರ್ಧ ಭಾಗ ಒಂದು ಸೆಕೆಂಡ್ ಪರದೆಯ ಮೇಲೆ ಇದ್ದರೆ ಅದು "ಕಾಣಿಸಿತು" ಅಂತ ಉದ್ಯಮದಲ್ಲಿ ಲೆಕ್ಕ. ವಿಡಿಯೋಗೆ ಎರಡು ಸೆಕೆಂಡ್. ನಿಮ್ಮ ಹೆಸರು ಐದನೇ ಸೆಕೆಂಡಿಗೆ ಬರುವುದಾದರೆ, ಕಾಣಿಸಿತು ಅಂತ ಲೆಕ್ಕ ಸಿಗುತ್ತದೆ, ಯಾರ ಜಾಹೀರಾತು ಅಂತ ಮಾತ್ರ ನೋಡಿದವರಿಗೆ ತಿಳಿಯುವುದಿಲ್ಲ.

ಇಲ್ಲೂ ಇಳಿಯುವ ಜಾಗಕ್ಕೆ ಹೋಗಿ. ಒಂದು ಹಳೆಯ ಫೋನ್ ಇಟ್ಟುಕೊಳ್ಳಿ. ವೈಫೈ ಆರಿಸಿ, ಜಾಹೀರಾತಿನ ಮೇಲೆ ಒತ್ತಿ, ತೆರೆಯುವ ಪುಟದವರೆಗೂ ಹೋಗಿ. ಫಾರಂ ಇದ್ದರೆ ತುಂಬಿ ಕಳಿಸಿ, ಆ ಕಡೆ ಮುಟ್ಟಿತೋ ಕೇಳಿ.

ಈಗ ಎಲ್ಲ ಮಾಧ್ಯಮಕ್ಕೂ ಸೇರಿದ ಒಂದು ವಿಷಯ, ಹಕ್ಕು. ಫೋಟೋ, ಮುಖ, ದನಿ, ಸಂಗೀತ, ಫಾಂಟು, ಎಲ್ಲಕ್ಕೂ ಒಡೆಯರು ಇರುತ್ತಾರೆ. ಯಾವ ಮಾಧ್ಯಮಕ್ಕೆ, ಯಾವ ಪ್ರದೇಶಕ್ಕೆ, ಎಷ್ಟು ಕಾಲಕ್ಕೆ ಅನ್ನುವುದು ಒಪ್ಪಂದದಲ್ಲಿ ಬರೆದಿರಬೇಕು. ಸಂಗೀತದಲ್ಲಿ ಎರಡು ಹಕ್ಕು. ಹಾಡು ಕಟ್ಟಿದವರದ್ದು ಒಂದು, ಆ ಧ್ವನಿಮುದ್ರಣದ್ದು ಇನ್ನೊಂದು. ಒಂದನ್ನು ಪಡೆದು ಎರಡೂ ಬಂತು ಅಂದುಕೊಳ್ಳುವವರು ಬಹಳ. ಪತ್ರಿಕೆಗೆ ಅಂತ ತೆಗೆದ ಫೋಟೋದಲ್ಲಿರುವ ಹುಡುಗಿಯ ಮುಖವನ್ನು ಅವಳನ್ನು ಕೇಳದೆ ಹೋರ್ಡಿಂಗಿಗೆ ಹಾಕುವುದು ಕಾನೂನಿನ ಮಾತು ಹಾಗಿರಲಿ, ಅನ್ಯಾಯ. ಹಕ್ಕು ಮುಗಿಯುವ ದಿನಾಂಕವನ್ನು ಅದೇ ದಿನ ಕ್ಯಾಲೆಂಡರಿಗೆ ಹಾಕಿ, ಒಂದು ತಿಂಗಳು ಮುಂಚೆ ನೆನಪಿಸುವ ಹಾಗೆ.

ಜಾಹೀರಾತಿನಲ್ಲಿ ಹೇಳುವ ಮಾತು ನಿಜವೇ ಅಂತ ಕೇಳುವುದೂ ನಮ್ಮ ಕೆಲಸವೇ. "ಎಲ್ಲರಿಗಿಂತ ಬೇಗ" ಅಂತ ಬರೆದಿದ್ದರೆ ಆಧಾರ ಏನು ಅಂತ ಸ್ಕ್ರಿಪ್ಟ್ ಹಂತದಲ್ಲೇ ಬರಹದಲ್ಲಿ ಕೇಳಿ. ಚಿತ್ರೀಕರಣ ಮುಗಿದ ಮೇಲೆ ಕೇಳಿದರೆ ಯಾರಿಗೂ ಉತ್ತರ ಕೊಡುವ ಮನಸ್ಸಿರುವುದಿಲ್ಲ.

ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಎದ್ದು ಕೇಳಿದಳು: "ಸಾರ್, ಕ್ಯಾಮೆರಾ ಗೊತ್ತಿಲ್ಲ, ಮಷಿನ್ ಗೊತ್ತಿಲ್ಲ. ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದವರ ಮೇಲೆ ನಾನು ಹೇಗೆ ಮೇಲ್ವಿಚಾರಣೆ ಮಾಡಲಿ?" ತುಂಬಾ ಒಳ್ಳೆಯ ಪ್ರಶ್ನೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಅವರ ಮೇಲೆ ಅಲ್ಲಮ್ಮ, ಅವರ ಪಕ್ಕದಲ್ಲಿ. ಒಂದೊಂದು ಕಡೆ ಒಂದು ಪೂರ್ತಿ ದಿನ ಹೋಗಿ ಕೂತು ಬಾ. ಅಚ್ಚುಮನೆಯಲ್ಲಿ ಒಂದು ದಿನ, ಮಿಕ್ಸಿಂಗಿನಲ್ಲಿ ಒಂದು ದಿನ, ಎಡಿಟಿಂಗಿನಲ್ಲಿ ಒಂದು ದಿನ, ಹೋರ್ಡಿಂಗ್ ಏರಿಸುವವರ ಜೊತೆ ಒಂದು ದಿನ. ಎಲ್ಲರಿಗೂ ಒಂದೇ ಪ್ರಶ್ನೆ ಕೇಳು: "ನಮ್ಮಂಥವರು ನಿಮಗೆ ಕಳಿಸೋದರಲ್ಲಿ ಯಾವಾಗಲೂ ಏನು ತಪ್ಪಿರತ್ತೆ?" ಅವರು ಅರ್ಧ ಗಂಟೆ ಮಾತಾಡುತ್ತಾರೆ. ಬರೆದುಕೋ. ನಾಲ್ಕು ಕಡೆ ಹೋಗಿ ಬರುವಷ್ಟರಲ್ಲಿ ನಿನ್ನ ಹತ್ತಿರ ಯಾವ ಪುಸ್ತಕದಲ್ಲೂ ಸಿಗದ ಪಟ್ಟಿ ಇರುತ್ತದೆ.

ಕೊನೆಗೆ ಎಲ್ಲರಿಗೂ ಹೇಳಿದೆ: ಹೊರಡುವ ಮುಂಚೆ ಒಂದು ಕೆಲಸ. ಆ ಮೂಲೆಯ ಮೇಜಿನ ಮೇಲೆ ಎರಡು ಹಾಳೆ ಇಟ್ಟಿದ್ದೇನೆ. ಒಂದು ಪತ್ರಿಕೆಯದ್ದು, ಒಂದು ಮ್ಯಾಗಜಿನ್ನಿನದ್ದು, ಎರಡರಲ್ಲೂ ಒಂದೇ ಜಾಹೀರಾತು. ಪಕ್ಕದಲ್ಲಿ ಭೂತಗನ್ನಡಿ ಇದೆ. ಒಬ್ಬೊಬ್ಬರಾಗಿ ಬನ್ನಿ, ಬಿಳಿ ಅಕ್ಷರದ ಮೇಲೆ ಇಟ್ಟು ಬಗ್ಗಿ ನೋಡಿ.